ಕೊಳ್ಳುವ ಮೊದಲು ಮಾರುವ ಊರು

ಪಶ್ಚಿಮ ಆಸ್ಟ್ರೇಲಿಯದ ಪರ್ತ್ ನಗರದಲ್ಲಿರುವ ಮಗಳ ಮನೆಗೆಂದು, ಮೂರು ತಿಂಗಳ ವೀಸಾ ಹಿಡಿದು, ನಾವು ಗಂಡಹೆಂಡಿರಿಬ್ಬರೂ ಹೋಗಿದ್ದ ವರ್ಷ, ಅಲ್ಲಿಂದ ಮೆಲ್ಬರ್ನಿನಲ್ಲಿರುವ ನನ್ನ ತಂಗಿಯ ಮಗನನ್ನು ಕಂಡುಬರುವುದಕ್ಕೆ ವಿಮಾನದಲ್ಲಿ ಮೂರೂವರೆ ಗಂಟೆಯ ಪಯಣ ಸಾಕಾಗಿರುವಾಗ, ಅದನ್ನು ಬಿಟ್ಟು ನೆಲದ ಮೇಲೆಯೇ, ನಮ್ಮ ಕೈಯಿಂದಲೇ ಮೋಟಾರು ನಡೆಸಿಕೊಂಡು, ಮನಸ್ಸು ಬಂದಲ್ಲಿ ತಂಗುತ್ತ ಹೋಗಬೇಕೆಂಬ ಬಯಕೆ ನನ್ನಲ್ಲಿ ಹುಟ್ಟಿದುದನ್ನು ಅರವತ್ತಾರನೆಯ ವಯಸ್ಸಿನ ಅವಿವೇಕವೆಂದು ಮಗಳು ಬಗೆದಳು. ಅಳಿಯಂದಿರು ಹಾಗೆನ್ನಲಿಲ್ಲ, ಅವರು ಲೆಕ್ಕದ ಮನುಷ್ಯರು. ‘ಹೋಗಿಬನ್ನಿ ಮಾವ, ಆದರೆ ಬಾಡಿಗೆ ಕಾರು ತೆಗೆದುಕೊಳ್ಳಿ’ ಎಂದರು. ನನಗಾದರೋ, ಒಂದು ಹಳೆಯ ಬಂಡಿಯನ್ನು ಕೊಂಡು, ಅದನ್ನು ನನ್ನದೆಂದು ಬಗೆದು ನಡೆಸಿ, ದಾರಿ ಮುಗಿದಲ್ಲಿ ಮಾರಿಬಿಡುವುದೇ ಸರಿಯೆಂದು ತೋರಿತ್ತು. ಹದಿನೈದು ದಿನ ಊಟದ ಮೇಜಿನ ಮೇಲೆ ಈ ವಾದ ನಡೆಯಿತು. ಅದರಲ್ಲಿ ಗೆದ್ದವರು ಯಾರೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಲೆಕ್ಕ ಮಾತ್ರ ನಾವಿಬ್ಬರೂ ಎಣಿಸಿದಂತೆ ಆಗಲಿಲ್ಲ.

ಬಾಡಿಗೆಯ ಮೋಟಾರು ಎಂದರೆ ನಮ್ಮ ಕಡೆಯ ಮನಸ್ಸಿಗೆ ಹೊಳೆಯುವುದೇ ಬೇರೆ. ಧರ್ಮಸ್ಥಳಕ್ಕೋ ಹಂಪಿಗೋ ಟ್ಯಾಕ್ಸಿ ಗೊತ್ತುಮಾಡಿದೆವೆಂದರೆ, ಬಂಡಿಯೊಡನೆ ದಾರಿ ಬಲ್ಲ ಒಬ್ಬ ಮನುಷ್ಯನೂ ಬಂದನೆಂದೇ ಅರ್ಥ. ಕಿಲೋಮೀಟರಿಗೆ ಇಷ್ಟು, ಡ್ರೈವರ್ ಬಾಟಾ ಇಷ್ಟು, ದಾರಿಯ ಸುಂಕ ನಮ್ಮದು. ಟೈರು ಪಂಕ್ಚರಾದರೆ, ಘಾಟಿಯಲ್ಲಿ ಎಂಜಿನ್ನು ಕುದಿದರೆ, ಆ ಚಿಂತೆಯೆಲ್ಲ ಆತನದು. ಆಸ್ಟ್ರೇಲಿಯದಲ್ಲಿ ಬಾಡಿಗೆಗೆ ದೊರಕುವುದು ಕೇವಲ ಯಂತ್ರ ಮತ್ತು ಅದರೊಡನೆ ಹಲವು ಪುಟಗಳ ಒಂದು ಕರಾರುಪತ್ರ. ಚಾಲನೆಯ ವಿಷಯದಲ್ಲಿ ನಮಗೆ ಅಲ್ಲೊಂದು ಸೌಕರ್ಯವುಂಟು: ಅವರೂ ನಮ್ಮಂತೆಯೇ ರಸ್ತೆಯ ಎಡಬದಿಯವರು, ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸು ಭೇಟಿಗೆ ಬಂದವರಿಗೆ ಸಲ್ಲುತ್ತದೆ, ಜೊತೆಗೆ ನಮ್ಮ ಆರ್.ಟಿ.ಓ. ಕಚೇರಿ ಕೊಡುವ, ಒಂದು ವರ್ಷದ ಅವಧಿಯ ಅಂತರರಾಷ್ಟ್ರೀಯ ಪರವಾನಗಿಯೂ ಕೈಯಲ್ಲಿದ್ದರೆ ಯಾವ ಮೇಜಿನ ಮುಂದೆಯೂ ಮಾತು ಬೆಳೆಯುವುದಿಲ್ಲ.

ಆ ಕರಾರುಪತ್ರವನ್ನು ನಾನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಸಹಿ ಮಾಡುವವರಲ್ಲಿ ನೂರಕ್ಕೆ ಎಷ್ಟು ಮಂದಿ ಓದುತ್ತಾರೋ ನನಗೆ ಸಂಶಯ. ಡಾಂಬರು ಕಾಣದ ರಸ್ತೆಗೆ ಬಂಡಿಯನ್ನು ಇಳಿಸಕೂಡದು. ಇಳಿಸಿದಿರೋ, ವಿಮೆಯ ರಕ್ಷಣೆಯೆಲ್ಲ ಆ ಕ್ಷಣಕ್ಕೇ ನಿರಸನಗೊಳ್ಳುತ್ತದೆ. ಊರಿನ ಎಲ್ಲೆಯ ಹೊರಗೆ, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ನಡೆಸಕೂಡದು. ಏಕೆಂದರೆ ಕಾಂಗರೂಗಳು ಮೇಯಲು ರಸ್ತೆಯಂಚಿಗೆ ಬರುವುದು ಸಂಜೆ ಮತ್ತು ಮುಂಜಾನೆಯ ಹೊತ್ತಿನಲ್ಲಿ. ಸಮುದ್ರತೀರದ ಮರಳಿನ ಮೇಲೆ ಓಡಿಸಕೂಡದು, ನೀರು ಹಾಯಿಸಕೂಡದು, ದೋಣಿಯಲ್ಲಿ ಸಾಗಿಸಿ ದ್ವೀಪಕ್ಕೆ ಒಯ್ಯುವುದಾದರೆ ಬರಹದ ಮೂಲಕ ಅಪ್ಪಣೆ ಪಡೆಯತಕ್ಕದ್ದು. ಗಾಜು, ಟೈರು, ಮೇಲ್ಛಾವಣಿ, ತಳಭಾಗ ಇವುಗಳಿಗಾಗುವ ಹಾನಿ ಸಾಮಾನ್ಯ ವಿಮೆಯ ಪರಿಧಿಯಲ್ಲಿಲ್ಲ. ಉಳಿದ ಹಾನಿಗಳಿಗೂ ಮೊದಲ ಕೆಲವು ಸಾವಿರ ಡಾಲರುಗಳ ಹೊಣೆ ಬಾಡಿಗೆದಾರನದೇ. ಅಲ್ಲಿಯವರು ಅದನ್ನು ‘ಎಕ್ಸೆಸ್’ ಎನ್ನುತ್ತಾರೆ, ಅದನ್ನು ತಗ್ಗಿಸಿಕೊಳ್ಳಬೇಕಾದರೆ ದಿನಕ್ಕೆ ಇಷ್ಟೆಂದು ಬೇರೆಯೇ ತೆರಬೇಕು. ಇವೆಲ್ಲಕ್ಕೆ ಮೇಲೆ, ಒಂದು ನಗರದಲ್ಲಿ ಪಡೆದ ಬಂಡಿಯನ್ನು ಮತ್ತೊಂದು ನಗರದಲ್ಲಿ ಒಪ್ಪಿಸಿದರೆ ಅದಕ್ಕೊಂದು ಶುಲ್ಕ. ಬಾಡಿಗೆಯೆತ್ತನ್ನು ಬಡಿದು ಬಡಿದು ಹೂಡುವ ಮನುಷ್ಯಸ್ವಭಾವ ನಮ್ಮ ಹಳ್ಳಿಗಳಲ್ಲಿ ಗಾದೆಯಾಗಿರುವಾಗ, ಎತ್ತಿನ ಒಡೆಯನು ಇಷ್ಟು ಕಟ್ಟಳೆಗಳನ್ನು ಹಾಕುವುದು ಅನ್ಯಾಯವೆಂದು ನಾನು ಹೇಳಲಾರೆ. ಆದರೆ ಆ ದೇಶದಲ್ಲಿ ನೋಡತಕ್ಕ ಅರ್ಧದಷ್ಟು ವಸ್ತುಗಳು ಡಾಂಬರು ಮುಗಿದ ಮೇಲೆಯೇ ಮೊದಲಾಗುತ್ತವೆ ಎಂಬುದೂ ಸತ್ಯ.

ಅಳಿಯಂದಿರು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಲೆಕ್ಕ ಬರೆದರು. ಮೊತ್ತಗಳೆಲ್ಲ ಊಹೆಯವು, ಆದರೆ ಲೆಕ್ಕದ ಅಸ್ಥಿಪಂಜರ ಯಾವ ದೇಶದ ಯಾವ ಯಾತ್ರೆಗಾದರೂ ಸಲ್ಲುವಂಥದಾದುದರಿಂದ ಇಲ್ಲಿ ಕೊಡುತ್ತೇನೆ. ಹಳೆಯ ಸ್ಟೇಷನ್ ವ್ಯಾಗನ್ ಒಂದನ್ನು 6,000 ಡಾಲರಿಗೆ ಕೊಂಡು 4,000ಕ್ಕೆ ಮಾರಿದರೆ ನಷ್ಟ 2,000, ಹೆಸರು ಬದಲಾವಣೆ ಮತ್ತು ಸುಂಕ 300, ಕೊಳ್ಳುವ ಮೊದಲು ಮೆಕ್ಯಾನಿಕ್ಕನಿಂದ ಪರೀಕ್ಷೆ 250, ವಿಮೆ 300, ನೋಂದಣಿಯ ಅವಧಿಗೆ 400, ಎಣ್ಣೆ ಟೈರು ರಿಪೇರಿಗೆ 700. ಒಟ್ಟು 3,950. ಬಾಡಿಗೆ ದಿನಕ್ಕೆ 70 ಡಾಲರೆಂದಿಟ್ಟುಕೊಂಡರೆ 56 ದಿನಗಳಿಗೆ ಎರಡೂ ಸಮ. ಅದಕ್ಕೆ ಕಡಮೆಯಾದರೆ ಬಾಡಿಗೆ, ಹೆಚ್ಚಾದರೆ ಖರೀದಿ. ಪೆಟ್ರೋಲು ಎರಡಕ್ಕೂ ಒಂದೇ ಆದುದರಿಂದ ಅದು ಲೆಕ್ಕದ ಹೊರಗೆ. ಇಷ್ಟಾದ ಮೇಲೆ ನಾನು ಒಂದು ಪ್ರಶ್ನೆ ಹಾಕಿದೆ: ಎಕ್ಸೆಸ್ ತಗ್ಗಿಸುವ 25 ಡಾಲರನ್ನು ಬಾಡಿಗೆಗೆ ಸೇರಿಸಿದಿರಾ? ಸೇರಿಸಿದಾಗ ದಿನಕ್ಕೆ 95 ಆಯಿತು, ಸಮತೆಯ ದಿನ 56ರಿಂದ 42ಕ್ಕೆ ಇಳಿಯಿತು. ನನ್ನ ಮುಖ ಅರಳಿತು. ಆಗ ಅವರು ಮರುಪ್ರಶ್ನೆ ಹಾಕಿದರು: ‘ವೀಸಾ ಮುಗಿಯುವ ಅವಸರದಲ್ಲಿ ನಾಲ್ಕು ಸಾವಿರದ ಬಂಡಿಯನ್ನು ಎರಡೂವರೆ ಸಾವಿರಕ್ಕೆ ಕೊಡಬೇಕಾಗಿ ಬಂದರೆ?’ ಆ ಒಂದು ಅವಸರದಿಂದ 70ರ ಬಾಡಿಗೆಯ ಲೆಕ್ಕದಲ್ಲಿ ಸಮತೆಯ ದಿನ 56ರಿಂದ 78ಕ್ಕೆ ಏರಿಬಿಟ್ಟಿತು. ಕೊಂಡ ಬೆಲೆಯನ್ನು ಎಷ್ಟು ಚೌಕಾಶಿಮಾಡಿ ಇಳಿಸಿದರೂ ನೂರು ಇನ್ನೂರರ ಮಾತು. ಮಾರುವ ದಿನದ ಅವಸರವಾದರೋ ಮೂರು ವಾರಗಳ ಬಾಡಿಗೆಯನ್ನು ನುಂಗುತ್ತದೆ. ಪರದೇಶದಲ್ಲಿ ಬಂಡಿ ಕೊಳ್ಳುವವನು ನಿಜವಾಗಿ ಹೊರುವುದು ಮಾರಾಟದ ಹೊಣೆಯನ್ನು ಎಂಬ ತತ್ತ್ವ ನನಗೆ ಆ ರಾತ್ರಿ ಬುದ್ಧಿಗೆ ತಿಳಿಯಿತು. ಅನುಭವಕ್ಕೆ ಬರುವುದಕ್ಕೆ ಮೆಲ್ಬರ್ನು ತಲುಪಬೇಕಾಯಿತು.

ಆದರೂ ಕೊಂಡೆ. ಮನೆಯಾಕೆ ‘ನಿಮಗೆ ಬೇಕಾಗಿರೋದು ಕಾರಲ್ಲ, ಘಾಟಿ ಜಾತ್ರೆ’ ಎಂದಳು. ಆ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ನಾನು ಬಾಲ್ಯದಲ್ಲಿ ತಂದೆಯವರೊಡನೆ ಹೋಗುತ್ತಿದ್ದೆ. ಹಳ್ಳಿಕಾರ್ ಜೋಡಿಯ ಬಾಯಿ ಬಿಡಿಸಿ ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದ್ದೋ ಎಂದು ನೋಡುವುದು, ಮೈಮೇಲಿನ ಸುಳಿಗಳನ್ನು ಎಣಿಸುವುದು, ನಾಲ್ಕು ಹೆಜ್ಜೆ ನಡೆಸಿ ಗೊರಸು ಊರುವ ರೀತಿಯನ್ನು ಗಮನಿಸುವುದು, ಕೊನೆಗೆ ದಲ್ಲಾಳಿಯೊಬ್ಬನು ಟವೆಲ್ಲಿನ ಮರೆಯಲ್ಲಿ ಬೆರಳುಗಳನ್ನು ಹಿಡಿದು ಮಾತಿಲ್ಲದೆ ಬೆಲೆ ಕುದುರಿಸುವುದು, ಇವೆಲ್ಲ ಮನಸ್ಸಿನಲ್ಲಿ ಉಳಿದಿದ್ದವು. ಹಳೆಯ ಮೋಟಾರಿನ ಪರೀಕ್ಷೆ ಇದರಿಂದ ತೀರ ಭಿನ್ನವಲ್ಲ. ಓಡೋಮೀಟರಿನ ಅಂಕಿಯೇ ಹಲ್ಲು. ಬಾಗಿಲ ಕೆಳಗಿನ ತುಕ್ಕು, ರೇಡಿಯೇಟರಿನ ನೀರಿನ ಬಣ್ಣ, ಎಣ್ಣೆ ಕಡ್ಡಿಗೆ ಅಂಟಿದ ಮಡ್ಡಿ ಇವೇ ಸುಳಿಗಳು. ಟೈಮಿಂಗ್ ಬೆಲ್ಟನ್ನು ಯಾವಾಗ ಬದಲಿಸಿದರೆಂಬುದಕ್ಕೆ ರಸೀತಿ ಉಂಟೇ ಎಂದು ಕೇಳುವುದು ಮಾತ್ರ ಎತ್ತಿನ ಶಾಸ್ತ್ರದಲ್ಲಿಲ್ಲ.

ಅದಲ್ಲದೆ ಆಸ್ಟ್ರೇಲಿಯದಲ್ಲಿ ಕಾಗದಗಳ ಶಾಸ್ತ್ರವೊಂದು ಬೇರೆಯೇ ಉಂಟು. ಇಡೀ ದೇಶಕ್ಕೆ ಒಂದೇ ಆದ ಸರ್ಕಾರಿ ದಾಖಲೆಯಲ್ಲಿ, ಎರಡು ಡಾಲರ್ ಶುಲ್ಕ ತೆತ್ತು, ಬಂಡಿಯ ಚಾಸಿ ನಂಬರನ್ನು ಕೊಟ್ಟರೆ, ಅದರ ಮೇಲೆ ಸಾಲವುಂಟೇ, ಅದು ಕದ್ದ ಮಾಲೇ, ಹಿಂದೆ ಅಪಘಾತದಲ್ಲಿ ಜಖಂಗೊಂಡು ತ್ಯಾಜ್ಯವೆಂದು ಬರೆಸಿಕೊಂಡದ್ದೇ ಎಂಬುದು ಗಳಿಗೆಯಲ್ಲಿ ತಿಳಿಯುತ್ತದೆ. ಹಿಂದಿನ ಒಡೆಯನ ಸಾಲ ತೀರದೆ ಇದ್ದರೆ ಸಾಲಕೊಟ್ಟವರು ಬಂಡಿಯನ್ನು ಹೊಸ ಒಡೆಯನಿಂದಲೇ ಎಳೆದೊಯ್ಯಬಹುದಾದುದರಿಂದ ಈ ಎರಡು ಡಾಲರುಗಳಿಗಿಂತ ಸಾರ್ಥಕವಾದ ವೆಚ್ಚವನ್ನು ನಾನು ಆ ಪ್ರವಾಸದಲ್ಲಿ ಮಾಡಲಿಲ್ಲ. ಇನ್ನು ನೋಂದಣಿ; ಅವರ ಆಡುಮಾತಿನಲ್ಲಿ ‘ರೆಗೋ’. ಇದು ರಾಜ್ಯ ರಾಜ್ಯಕ್ಕೆ ಬೇರೆ. ವಿಕ್ಟೋರಿಯದಲ್ಲಿ ಬಂಡಿ ಕೈ ಬದಲಾಗಬೇಕಾದರೆ ಅದು ರಸ್ತೆಗೆ ಯೋಗ್ಯವೆಂಬ ಗ್ಯಾರೇಜಿನ ಪ್ರಮಾಣಪತ್ರ ಬೇಕು. ಕ್ವೀನ್ಸ್‌ಲೆಂಡಿನಲ್ಲಿಯೂ ಅಂಥದೇ ಒಂದು ಪತ್ರ. ನ್ಯೂ ಸೌತ್ ವೇಲ್ಸಿನಲ್ಲಿ ಹಳೆಯ ಬಂಡಿಗಳಿಗೆ ವರ್ಷ ವರ್ಷವೂ ಪರೀಕ್ಷೆ. ಪಶ್ಚಿಮ ಆಸ್ಟ್ರೇಲಿಯದಲ್ಲಾದರೋ ನೋಂದಣಿ ಚಾಲ್ತಿಯಲ್ಲಿರುವ ಬಂಡಿಯನ್ನು ಯಾವ ಪರೀಕ್ಷೆಯೂ ಇಲ್ಲದೆ ಹಸ್ತಾಂತರಿಸಬಹುದು, ದೇಶದ ಯಾವ ಮೂಲೆಯಲ್ಲಿ ಕುಳಿತಾದರೂ ನವೀಕರಿಸಬಹುದು. ಬೆನ್ನುಚೀಲದ ತರುಣ ಯಾತ್ರಿಕರೆಲ್ಲರೂ ಪಶ್ಚಿಮದ ನಂಬರಿನ ಬಂಡಿಗಾಗಿ ಹುಡುಕುವುದು ಈ ಕಾರಣದಿಂದ. ನೋಂದಣಿಯೊಡನೆ ಬರುವ ಕಡ್ಡಾಯ ವಿಮೆ ಮನುಷ್ಯರಿಗಾಗುವ ಗಾಯಕ್ಕೆ ಮಾತ್ರ. ಎದುರಿನವನ ದುಬಾರಿ ಮೋಟಾರಿಗೆ ಗುದ್ದಿದರೆ ಅದರ ನಷ್ಟಕ್ಕೆ ಬೇರೆಯೇ ವಿಮೆ ಮಾಡಿಸಿಕೊಂಡಿರಬೇಕೆಂಬುದನ್ನು ಅರಿಯದೆ ಹೊರಟವರು ಊರಿಗೆ ಹಿಂದಿರುಗಿದ ಮೇಲೂ ಸಾಲ ತೀರಿಸುತ್ತಿರಬೇಕಾದೀತು.

ಪರ್ತಿನ ಹೊರವಲಯದಲ್ಲಿ, ನಿವೃತ್ತ ಶಾಲಾಮಾಸ್ತರರೊಬ್ಬರ ಅಂಗಳದಲ್ಲಿ ನಿಂತಿದ್ದ ಬಿಳಿಯ ಸ್ಟೇಷನ್ ವ್ಯಾಗನ್ ನನ್ನ ಕಣ್ಣಿಗೆ ಬಿತ್ತು. ಓಡಿದ್ದು ಎರಡು ಲಕ್ಷ ಹನ್ನೊಂದು ಸಾವಿರ ಕಿ.ಮೀ.; ಬಾಯಿಗೂಡಿ ಎಷ್ಟೋ ವರ್ಷವಾಗಿತ್ತು. ಆದರೆ ಸರ್ವೀಸಿನ ಪುಸ್ತಕವನ್ನು ಮಾಸ್ತರರು ಮಕ್ಕಳ ಹಾಜರಿಯಂತೆ ಒಂದು ಸಾಲೂ ಬಿಡದೆ ಬರೆದಿಟ್ಟಿದ್ದರು. 5,600ಕ್ಕೆ ಒಪ್ಪಂದವಾಯಿತು, ಟವೆಲ್ಲು ಬೇಕಾಗಲಿಲ್ಲ. ಸರ್ಕಾರದ ಸುಂಕ ನೂರಕ್ಕೆ 2.75ರಂತೆ 154 ಡಾಲರ್. ಹಿಂಬದಿಯ ಆಸನವನ್ನು ಮಡಿಸಿ, ಒಂದು ಹಾಸುಗೆ, ಗ್ಯಾಸಿನ ಒಲೆ, ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನು, ಮನೆಯಾಕೆ ಕಟ್ಟಿದ ಹುಳಿಪುಡಿ ಚಟ್ನಿಪುಡಿಗಳ ಡಬ್ಬಿಗಳು, ಇಷ್ಟನ್ನು ಡಿಕ್ಕಿಯಲ್ಲಿ ತುಂಬಿಕೊಂಡು ಸೆಪ್ಟೆಂಬರಿನ ನಡುವೆ, ಅಲ್ಲಿನ ವಸಂತದಲ್ಲಿ, ಹೊರಟೆವು.

ಆಲ್ಬನಿ, ಎಸ್ಪರೆನ್ಸ್ ಎಂಬ ಕಡಲೂರುಗಳನ್ನು ದಾಟಿ ಉತ್ತರಕ್ಕೆ ತಿರುಗಿದರೆ ನಾರ್ಸ್‌ಮನ್ ಎಂಬ ಪುಟ್ಟ ಪಟ್ಟಣ. ಕಟ್ಟಿಹಾಕಿದ್ದ ಕುದುರೆಯೊಂದು ಗೊರಸಿನಿಂದ ನೆಲ ಕೆದಕಿದಾಗ ಬಂಗಾರದ ಗಟ್ಟಿ ಕಾಣಿಸಿತೆಂದೂ, ಆ ಕುದುರೆಯ ಹೆಸರೇ ಊರಿನ ಹೆಸರಾಯಿತೆಂದೂ ಅಲ್ಲಿಯವರು ಹೇಳುತ್ತಾರೆ; ಬೀದಿಯಲ್ಲಿ ಅದರ ಪ್ರತಿಮೆಯೂ ಉಂಟು. ವಾಹನಕ್ಕೆ ಇಷ್ಟು ಕೃತಜ್ಞತೆ ತೋರಿದ ಇನ್ನೊಂದು ಊರನ್ನು ನಾನು ಕಾಣೆ. ಇಲ್ಲಿಂದ ಪೂರ್ವಕ್ಕೆ ಸೆಡೂನಾ ಎಂಬ ಊರಿನವರೆಗೆ 1,200 ಕಿ.ಮೀ. ದೂರ ಹಬ್ಬಿರುವುದೇ ನಲ್ಲಾರ್ಬರ್ ದಾರಿ. ಲ್ಯಾಟಿನ್ ಭಾಷೆಯಲ್ಲಿ ಆ ಹೆಸರಿಗೆ ‘ಮರವಿಲ್ಲದ್ದು’ ಎಂದರ್ಥ. 1841ರಲ್ಲಿ ಎಡ್ವರ್ಡ್ ಜಾನ್ ಏರ್ ಎಂಬಾತನು ವೈಲಿ ಎಂಬ ಆದಿವಾಸಿ ತರುಣನೊಡನೆ ಈ ಸೀಮೆಯನ್ನು ನೀರಿಲ್ಲದೆ ಬಳಲುತ್ತ ದಾಟಿ ಆಲ್ಬನಿ ಸೇರಿದನು. ಹೆದ್ದಾರಿಗೆ ಆತನ ಹೆಸರನ್ನೇ ಇಟ್ಟಿದ್ದಾರೆ. ಪೂರ್ತಿ ಡಾಂಬರು ಬಿದ್ದುದು 1976ರಲ್ಲಿ. ಬಲ್ಲಡೋನಿಯದಿಂದ ಕೈಗೂನಾದವರೆಗೆ 146.6 ಕಿ.ಮೀ. ಉದ್ದಕ್ಕೆ ರಸ್ತೆ ಒಂದೇ ಒಂದು ತಿರುವಿಲ್ಲದೆ ದಾರ ಎಳೆದಂತೆ ಹೋಗುತ್ತದೆ. ನಡುನಡುವೆ ಡಾಂಬರಿನ ಮೇಲೆಯೇ ಬಿಳಿಯ ಪಟ್ಟಿಗಳನ್ನು ಬಳಿದಿರುವುದನ್ನು ಕಂಡು ಇದೇನೆಂದು ವಿಚಾರಿಸಿದರೆ, ರೋಗಿಗಳನ್ನು ಒಯ್ಯುವ ಫ್ಲೈಯಿಂಗ್ ಡಾಕ್ಟರ್ ಸಂಸ್ಥೆಯ ವಿಮಾನಗಳು ಇಳಿಯುವ ತಾಣವಂತೆ. ಎದುರಿಗೆ ಬರುವುದು ‘ರೋಡ್ ಟ್ರೈನ್’, ಹಿಂದೊಂದು ಹಿಂದೊಂದು ಟ್ರೇಲರುಗಳನ್ನು ಕಟ್ಟಿದ, ಕೆಲವೆಡೆ 53.5 ಮೀಟರಿನವರೆಗೂ ಉದ್ದವಿರುವ ಲಾರಿ. ಅದು ಹಾದುಹೋದಾಗ ನಮ್ಮ ಬಂಡಿ ಹಡಗಿನಂತೆ ತೂಗಿತು.

ಕೈಗೂನಾದಿಂದ ಕಾಕಲ್‌ಬಿಡ್ಡಿಗೆ 65 ಕಿ.ಮೀ. ಅದರ ನಡುವೆ, ಸಂಜೆಯ ನಾಲ್ಕರ ಹೊತ್ತಿಗೆ, ರೇಡಿಯೇಟರಿನ ಹೋಸ್ ಪೈಪು ಒಡೆದು ಬಾನೆಟ್ಟಿನಿಂದ ಹಬೆ ಎದ್ದಿತು. ಆ ಗಳಿಗೆಯಲ್ಲಿ ಬಾಡಿಗೆ ಬಂಡಿಯ ಮಹಿಮೆ ನನಗೆ ಪೂರ್ಣವಾಗಿ ಮನವರಿಕೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ಮನೆಯಾಕೆ ಏನೂ ಅನ್ನಲಿಲ್ಲ. ಅನ್ನದೆ ಇದ್ದುದು ಅಂದುದಕ್ಕಿಂತ ಹೆಚ್ಚಾಗಿತ್ತು. ಅರ್ಧ ಗಂಟೆಯ ಮೇಲೆ ಬಂದ ರೋಡ್ ಟ್ರೈನಿನ ಚಾಲಕನು, ಆ ರಾಕ್ಷಸ ಗಾತ್ರವನ್ನು ನಿಲ್ಲಿಸಲು ಎಷ್ಟು ದೂರ ಬೇಕೋ ಅಷ್ಟು ದೂರ ಮುಂದೆ ಹೋಗಿ ನಿಂತು, ನಡೆದುಬಂದು, ಅಂಟುಪಟ್ಟಿಯಿಂದ ಪೈಪಿಗೆ ಬಿಗಿಯಾಗಿ ಸುತ್ತು ಹಾಕಿ, ನಮ್ಮ ಕ್ಯಾನಿನ ನೀರನ್ನೇ ತುಂಬಿಸಿ, ನಿಧಾನವಾಗಿ ಹೋಗಿರೆಂದು ಹೇಳಿ, ಹೆಸರನ್ನೂ ತಿಳಿಸದೆ ಹೊರಟುಹೋದನು. ಕಾಕಲ್‌ಬಿಡ್ಡಿಯ ರೋಡ್‌ಹೌಸಿನಲ್ಲಿ ಎರಡು ದಿನ ಕಾದ ಮೇಲೆ ಪಶ್ಚಿಮದಿಂದ ಬಂದ ಲಾರಿಯಲ್ಲಿ ಹೊಸ ಪೈಪು ಬಂತು. ಬಾಡಿಗೆ ಬಂಡಿಯಾಗಿದ್ದರೂ ಬದಲಿ ಬಂಡಿಗೆ ಅಷ್ಟೇ ದಿನ ಹಿಡಿಯುತ್ತಿತ್ತೆಂದು ರೋಡ್‌ಹೌಸಿನಾಕೆ ಸಮಾಧಾನ ಹೇಳಿದಳು. ಇರಬಹುದು, ಆದರೆ ಆ ಎರಡು ದಿನ ಬೈಯುವುದಕ್ಕೆ ಒಬ್ಬರಾದರೂ ಇರುತ್ತಿದ್ದರು.

ಸ್ವಂತ ಬಂಡಿ ತನ್ನ ಋಣವನ್ನು ತೀರಿಸಿದುದು ಯೂಕ್ಲಾದಲ್ಲಿ. 1877ರಲ್ಲಿ ಖಂಡದ ಎರಡು ತುದಿಗಳನ್ನು ತಂತಿಯಿಂದ ಬೆಸೆದ ಕಾಲದ ಟೆಲಿಗ್ರಾಫ್ ಠಾಣೆ ಅಲ್ಲಿ ಪಾಳುಬಿದ್ದು, ಮರಳ ದಿಬ್ಬಗಳಲ್ಲಿ ಅರ್ಧ ಹೂತುಹೋಗಿದೆ. ಹೆದ್ದಾರಿಯಿಂದ ಅಲ್ಲಿಗೆ ಕೆಲವೇ ಕಿಲೋಮೀಟರು, ಆದರೆ ಮಣ್ಣಿನ ಜಾಡು. ಬಾಡಿಗೆಯ ಚೊಕ್ಕ ಬಂಡಿಗಳಲ್ಲಿ ಬಂದಿದ್ದ ಇಬ್ಬರು ಮೇಲೆಯೇ ನಿಂತು ದೂರದಿಂದ ನೋಡುತ್ತಿದ್ದರು. ನಾವು ಧೂಳೆಬ್ಬಿಸುತ್ತ ಇಳಿದೆವು. ಮುಂದೆ ಫ್ಲಿಂಡರ್ಸ್ ಪರ್ವತಗಳ ಬ್ರಾಚಿನಾ ಕಮರಿಯಲ್ಲಿಯೂ ಹೀಗೆಯೇ. ಅಲ್ಲಿ ಜಲ್ಲಿಯ ದಾರಿಯ ಇಕ್ಕೆಲದಲ್ಲಿ ಬಂಡೆಗಳು ಪದರ ಪದರವಾಗಿ ಐವತ್ತು ಕೋಟಿ ವರ್ಷಗಳಿಗೂ ಹಿಂದಿನ ಕಥೆಯನ್ನು ತೆರೆದಿಟ್ಟಿವೆ. ಎಡಿಯಾಕರ ಎಂಬ ಭೂಯುಗದ ಆರಂಭವನ್ನು ಗುರುತಿಸುವ ಲೋಕಮಾನ್ಯವಾದ ಮೊಳೆಯನ್ನು 2004ರಲ್ಲಿ ವಿಜ್ಞಾನಿಗಳು ನಿಗದಿಮಾಡಿದುದು ಆ ಪ್ರದೇಶದಲ್ಲಿಯೇ. ಕರಾರುಪತ್ರದ ಒಂದು ವಾಕ್ಯಕ್ಕೆ ಅಂಜಿ ಅದನ್ನು ನೋಡದೆ ಬರುವುದು, ಬೇಲೂರಿಗೆ ಹೋಗಿ ಗುಡಿಯ ಬಾಗಿಲಿನಿಂದ ಹಿಂದಿರುಗಿದಂತೆ. ನಡುವೆ ಸೆಡೂನಾದಲ್ಲಿ, ಹಣ್ಣಿನ ನೊಣ ರಾಜ್ಯದೊಳಕ್ಕೆ ನುಸುಳಬಾರದೆಂಬ ಕಾರಣಕ್ಕೆ ಹಗಲಿರುಳೂ ಕಾಯುವ ತಪಾಸಣೆಯವರು ನಮ್ಮ ಟೊಮೇಟೊ ಹಸಿಮೆಣಸಿನಕಾಯಿಗಳನ್ನೆಲ್ಲ ತೊಟ್ಟಿಗೆ ಹಾಕಿಸಿದರು. ಚಟ್ನಿಪುಡಿಯನ್ನು ಮೂಸಿನೋಡಿ ಬಿಟ್ಟುಕೊಟ್ಟರು.

ಆ ದಾರಿಯಲ್ಲಿ ಒಂಟೆಯ ಚಿತ್ರವಿರುವ ಎಚ್ಚರಿಕೆಯ ಫಲಕಗಳನ್ನು ಕಂಡಾಗ, ಒಂಟೆ ಈ ನೆಲದ್ದಲ್ಲವಲ್ಲ, ಇಲ್ಲಿಗೆ ಹೇಗೆ ಬಂತೆಂದು ಮನೆಯಾಕೆ ಕೇಳಿದಳು. ಬಂದುದು ನಮ್ಮ ಕಡೆಯಿಂದಲೇ. 1860ರಲ್ಲಿ ಬರ್ಕ್ ಮತ್ತು ವಿಲ್ಸ್ ಎಂಬವರ ಅನ್ವೇಷಣ ಯಾತ್ರೆಗೆಂದು, ಅಂದಿನ ಬ್ರಿಟಿಷ್ ಇಂಡಿಯಕ್ಕೆ ಸೇರಿದ್ದ ಕರಾಚಿಯಿಂದ 24 ಒಂಟೆಗಳು ಹಡಗಿನಲ್ಲಿ ಮೆಲ್ಬರ್ನಿಗೆ ಬಂದವು. ಮುಂದಿನ ದಶಕಗಳಲ್ಲಿ ಸಾವಿರಗಟ್ಟಲೆ. ಅವುಗಳೊಡನೆ ಬಂದ ಬಲೂಚಿಸ್ತಾನ, ಪಂಜಾಬ, ಅಫ್ಘಾನಿಸ್ತಾನಗಳ ಒಂಟೆಗಾರರನ್ನೆಲ್ಲ ಅಲ್ಲಿಯವರು ಒಟ್ಟಾಗಿ ‘ಅಫ್ಘನ್’ ಎಂದರು. ಒಳನಾಡಿನ ‘ಘಾನ್’ ರೈಲಿಗೆ ಆ ಹೆಸರು ಬಂದುದೂ ಅವರಿಂದಲೇ. ಉಣ್ಣೆಯ ಮೂಟೆ, ತಂತಿಯ ಕಂಬ, ನೀರು, ಅಂಚೆ, ಎಲ್ಲವನ್ನೂ ಆ ಒಂಟೆಗಳು ಹೊತ್ತವು. 1920ರ ದಶಕದಲ್ಲಿ ಮೋಟಾರು ಬಂದು ಅವುಗಳ ದುಡಿಮೆ ನಿಂತಾಗ ಕೊಳ್ಳುವವರೇ ಇಲ್ಲವಾದರು. 1925ರಲ್ಲಿ ದಕ್ಷಿಣ ಆಸ್ಟ್ರೇಲಿಯ ಒಂಟೆಗಳ ವಿನಾಶಕ್ಕೆಂದೇ ಒಂದು ಶಾಸನವನ್ನು ಮಾಡಿತು. ತಮ್ಮ ಜೀವನವನ್ನು ಹೊತ್ತ ಪ್ರಾಣಿಯನ್ನು ಗುಂಡಿಗೆ ಒಡ್ಡಲಾರದೆ ಅನೇಕ ಒಂಟೆಗಾರರು ಅವನ್ನು ಮರುಭೂಮಿಗೆ ಬಿಟ್ಟುಬಿಟ್ಟರು. ಇಂದು ಅಲೆಯುತ್ತಿರುವ ಕಾಡು ಒಂಟೆಗಳು ಅವುಗಳ ಸಂತತಿ. ಮಾರಲಾರದ ವಾಹನದ ಗತಿಯನ್ನು ಕುರಿತು ಇದಕ್ಕಿಂತ ದೊಡ್ಡ ದೃಷ್ಟಾಂತ ನನಗೆ ಬೇಕಿರಲಿಲ್ಲ.

ಅಡಿಲೇಡನ್ನೂ, ಮೊದಲ ಮಹಾಯುದ್ಧದಿಂದ ಹಿಂದಿರುಗಿದ ಯೋಧರು 1919ರಿಂದ 1932ರವರೆಗೆ ಕಡಿದು ಮಾಡಿದ ಸಮುದ್ರದಂಚಿನ ಗ್ರೇಟ್ ಓಷನ್ ರಸ್ತೆಯನ್ನೂ ಮುಗಿಸಿ ಮೆಲ್ಬರ್ನು ಸೇರಿದಾಗ, ಓಡೋಮೀಟರಿನಲ್ಲಿ 6,100 ಕಿ.ಮೀ. ಏರಿತ್ತು. ಇನ್ನು ಮಾರಾಟ. ಮೊದಲ ಮೂರು ದಿನ ಬಂದವರೆಲ್ಲರೂ ಆ ಊರಿನ ನಿವಾಸಿಗಳು. ಬಂಡಿಯನ್ನು ಸುತ್ತಿ ನೋಡುವರು, ಮೆಚ್ಚುವರು, ನಂಬರ್ ಪ್ಲೇಟಿನ ಕಡೆ ಕಣ್ಣು ಹೊರಳಿದ ಕೂಡಲೇ ಸಾವಿರ ಡಾಲರು ತಗ್ಗಿಸುವರು. ಅವರದು ತಪ್ಪಲ್ಲ. ಪಶ್ಚಿಮದ ನಂಬರಿನ ಬಂಡಿಯನ್ನು ವಿಕ್ಟೋರಿಯದವನು ತನ್ನ ರಾಜ್ಯದಲ್ಲಿ ಹೊಸದಾಗಿ ನೋಂದಾಯಿಸಬೇಕು. ಅದಕ್ಕೆ ಯೋಗ್ಯತೆಯ ಪ್ರಮಾಣಪತ್ರ ಬೇಕು. ಪತ್ರ ಕೊಡುವ ಗ್ಯಾರೇಜಿನವನು ಟೈರು ಬದಲಿಸು, ಬ್ರೇಕು ಬದಲಿಸು ಎಂದು ಪಟ್ಟಿ ಬರೆಯುತ್ತಾನೆ. ಕೊಳ್ಳುವಾಗ ನನ್ನನ್ನು ಮೋಹಗೊಳಿಸಿದ್ದ ಪಶ್ಚಿಮದ ಸುಲಭ ನೋಂದಣಿಯೇ ಪೂರ್ವದಲ್ಲಿ ನನ್ನ ಕೊರಳಿಗೆ ಉರುಳಾಯಿತು. ತಂಗಿಯ ಮಗ ‘ಕೊಟ್ಟುಬಿಡಿ ಮಾಮ, ಎರಡೂವರೆ ಸಾವಿರ ಬಂದರೂ ಸಾಕು’ ಎಂದನು. ವಿಮಾನಕ್ಕೆ ಇನ್ನು ಹನ್ನೊಂದು ದಿನವಿತ್ತು. ಅಳಿಯಂದಿರ ಹಾಳೆಯ 78 ಎಂಬ ಅಂಕಿ ನಿದ್ದೆಯಲ್ಲಿ ಕಾಣತೊಡಗಿತು.

ಎಂಟನೆಯ ದಿನ ಬೆಳಗ್ಗೆ ಜರ್ಮನಿಯ ಒಬ್ಬ ಹುಡುಗ, ಒಬ್ಬಳು ಹುಡುಗಿ ಬಂದರು. ಅವರು ಹೊರಟಿದ್ದುದು ಪರ್ತಿಗೆ. ಅವರಿಗೆ ಬೇಕಾಗಿದ್ದುದೇ ಪಶ್ಚಿಮದ ನಂಬರು. ಕಾಗದದ ಮೇಲೆ ಸಹಿ ಹಾಕಿದರೆ ಸಾಕು, ಪರೀಕ್ಷೆಯಿಲ್ಲ, ಗ್ಯಾರೇಜಿಲ್ಲ. 3,700 ಡಾಲರಿಗೆ, ಹಾಸುಗೆ ಒಲೆ ನೀರಿನ ಕ್ಯಾನುಗಳ ಸಮೇತ, ಬಂಡಿ ಬಂದ ದಾರಿಯಲ್ಲಿಯೇ ಹಿಂದಿರುಗಿತು. ಮೊದಲ ದಿನವೇ ನಾನು ಊರಿನವರನ್ನು ಬಿಟ್ಟು ಯಾತ್ರಿಕರ ಹಾಸ್ಟೆಲುಗಳಲ್ಲಿ ಚೀಟಿ ಅಂಟಿಸಿದ್ದರೆ ಒಂದು ವಾರ ಉಳಿಯುತ್ತಿತ್ತು.

ಬಾಡಿಗೆಗೂ ಖರೀದಿಗೂ ನಡುವಣ ದಾರಿಗಳೂ ಉಂಟು. ನಿಗದಿಯಾದ ಬೆಲೆಗೆ ಬಂಡಿಯನ್ನು ನಾವೇ ಹಿಂದಕ್ಕೆ ಕೊಳ್ಳುತ್ತೇವೆಂದು ಬರೆದುಕೊಡುವ ವ್ಯಾಪಾರಿಗಳಿದ್ದಾರೆ. ಆ ಬರಹದ ಷರತ್ತುಗಳನ್ನು ಬಾಡಿಗೆಯ ಕರಾರಿನಷ್ಟೇ ಸಾವಧಾನದಿಂದ ಓದತಕ್ಕದ್ದು. ಒಂದೆಡೆ ಶೇಖರವಾದ ಬಾಡಿಗೆ ಬಂಡಿಗಳನ್ನು ಮತ್ತೊಂದು ನಗರಕ್ಕೆ ತಲುಪಿಸಿಕೊಡುವವರಿಗೆ ದಿನಕ್ಕೆ ಒಂದೇ ಡಾಲರಿನಂತೆ ಕೊಡುವುದೂ ಉಂಟು. ಆದರೆ ಗಡುವು ಬಿಗಿಯಾದುದರಿಂದ ಅದು ಓಟವೇ ಹೊರತು ಯಾತ್ರೆಯಲ್ಲ. ಫ್ರಾನ್ಸಿನ ಮೋಟಾರು ತಯಾರಕರು ಯುರೋಪಿನ ಹೊರಗಿನ ಪ್ರವಾಸಿಗಳಿಗೆ ಹೊಚ್ಚಹೊಸ ಕಾರನ್ನು ಕೆಂಪು ನಂಬರ್ ಪ್ಲೇಟಿನೊಡನೆ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಕೊಟ್ಟು ಹಿಂಪಡೆಯುವ ಪದ್ಧತಿ ಎಲ್ಲಕ್ಕಿಂತ ಜಾಣತನದ್ದು: ಕಾಗದದಲ್ಲಿ ಖರೀದಿ, ವಾಸ್ತವದಲ್ಲಿ ಬಾಡಿಗೆ, ವಿಮೆ ಪೂರ್ಣ. ಯುರೋಪಿನಲ್ಲಿ ತಿಂಗಳುಗಟ್ಟಲೆ ಅಲೆಯುವವರು ಬೇರೆ ಯೋಚನೆ ಮಾಡಬೇಕಾಗಿಲ್ಲವೆಂದೇ ನನ್ನ ಅಭಿಪ್ರಾಯ. ನ್ಯೂಜಿಲೆಂಡಿನಲ್ಲಿ ಕೊಳ್ಳುವುದು ಆಸ್ಟ್ರೇಲಿಯಕ್ಕಿಂತ ಸರಳ. ಆದರೆ ಅಲ್ಲಿ ಡೀಸೆಲ್ ಬಂಡಿಗೆ ಪ್ರತಿ ಸಾವಿರ ಕಿಲೋಮೀಟರಿಗೆ ಮುಂಗಡವಾಗಿ ರಸ್ತೆ ಸುಂಕ ತೆರಬೇಕು, ಹಿಂದಿನ ಒಡೆಯನು ಬಾಕಿ ಉಳಿಸಿದ್ದರೆ ಅದೂ ಕೊಂಡವನ ತಲೆಗೆ ಬರುತ್ತದೆ.

ಅಳಿಯಂದಿರ ಹಾಳೆಯನ್ನು ಮತ್ತೆ ತೆಗೆದೆವು. ನಷ್ಟ 1,900, ಸುಂಕ, ಪರೀಕ್ಷೆ, ವಿಮೆ, ರೆಗೋ, ಹೋಸ್ ಪೈಪು, ಎರಡು ಟೈರು ಎಲ್ಲ ಸೇರಿ 2,250, ಒಟ್ಟು 4,150 ಡಾಲರ್. ಕೊಂಡ ದಿನದಿಂದ ಮಾರಿದ ದಿನದವರೆಗೆ 52 ದಿನ. ದಿನಕ್ಕೆ 80 ಡಾಲರಿಗೆ ಸ್ವಲ್ಪ ಕಡಮೆ. ನಾನು ಗೆದ್ದೆನೆಂದೆ. ಅವರು ಮೆಲ್ಲಗೆ ಪೆನ್ಸಿಲ್ ತೆಗೆದುಕೊಂಡು, ಮಾರುವುದಕ್ಕಾಗಿಯೇ ಕಳೆದ 8 ದಿನಗಳನ್ನು ಯಾತ್ರೆಯೆಂದು ಎಣಿಸಲಾಗದೆಂದು ಹೊಡೆದುಹಾಕಿ, 44ರಿಂದ ಭಾಗಿಸಿದರು. 94 ಡಾಲರ್ ಬಂತು. ಎಕ್ಸೆಸ್ ಸೇರಿಸಿದ ಬಾಡಿಗೆಯ 95ರ ಅಂಕಿಗಿಂತ ಒಂದು ಡಾಲರ್ ಕಡಮೆ. ಹಣದಲ್ಲಿ ಇಬ್ಬರೂ ಸಮ. ಮಿಕ್ಕದ್ದನ್ನು ಅವರವರ ಸ್ವಭಾವ ನಿರ್ಣಯಿಸಲಿ; ಒಂದು ತಿಂಗಳ ಒಳಗಿನ ಪ್ರವಾಸಕ್ಕೆ ಬಂಡಿ ಕೊಳ್ಳುವುದು ಮಾತ್ರ ಮೂರ್ಖತನವೆಂದು ನಾವಿಬ್ಬರೂ ಒಪ್ಪಿದೆವು.

ಬೆಂಗಳೂರಿಗೆ ಬಂದ ಮೂರನೆಯ ವಾರ ಮಗಳಿಂದ ಫೋನು ಬಂತು. ದಕ್ಷಿಣ ಆಸ್ಟ್ರೇಲಿಯದಲ್ಲಿ ಎಲ್ಲಿಯೋ ಅತಿವೇಗದಿಂದ ಓಡಿಸಿದುದಕ್ಕಾಗಿ ನನ್ನ ಹೆಸರಿಗೆ ದಂಡದ ನೋಟೀಸು. ದಿನಾಂಕ ನೋಡಿದರೆ ಮಾರಿದ ನಾಲ್ಕು ದಿನದ ಮೇಲಿನದು. ಬಂಡಿ ಮಾರಿದವನು ಏಳು ದಿನಗಳೊಳಗೆ ಅದನ್ನು ನೋಂದಣಿ ಇಲಾಖೆಗೆ ತಿಳಿಸಬೇಕೆಂಬುದು ಪಶ್ಚಿಮ ಆಸ್ಟ್ರೇಲಿಯದ ನಿಯಮ. ನಾನು ಮಾರಿದ ಸಂಜೆಯೇ ತಿಳಿಸಿ, ಅದರ ರಸೀತಿಯನ್ನೂ, ಆ ಹುಡುಗನ ಸಹಿಯಿರುವ ಪತ್ರದ ಪ್ರತಿಯನ್ನೂ ಮಗಳಿಗೆ ಕಳುಹಿಸಿದ್ದೆ. ಅವೆರಡನ್ನೂ ಲಗತ್ತಿಸಿ ಉತ್ತರ ಬರೆದ ಮೇಲೆ ದಂಡ ರದ್ದಾಯಿತು. ಕೊಳ್ಳುವ ಮನಸ್ಸು ಮಾಡಿದವರು ಮಾರುವ ಊರನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ಮಾರಿದ ದಿನ ರಾತ್ರಿ ಮಲಗುವ ಮೊದಲು ಆ ಒಂದು ಕಾಗದವನ್ನು ಕಳುಹಿಸಿಬಿಡಿ.